ರತ್ನಕ್ಕ ಕಡೆದ ನಾಲ್ಕು ಹಲ್ಲಿನ ಸೆಂಟರ್

ರತ್ನಕ್ಕನನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ವಿದ್ಯಾರಣ್ಯಪುರದ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ. ನನ್ನ ಅತ್ತೆ ಸುಬ್ಬಮ್ಮನವರಿಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳಾಗಿತ್ತು. ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತ್ತು. ಬೆರಳು ಬಿಡಿಸಲು ಹೋದರೆ ನೋವಿಗೆ ಕಿರುಚುತ್ತಿದ್ದರು. ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಎರಡೆಕರೆ ರಾಗಿಯನ್ನು ಆಳಿಲ್ಲದೆ ಕೊಯ್ದವರು ಅವರು. ಈಗ ಸೆರಗು ಸರಿಮಾಡಿಕೊಳ್ಳುವುದಕ್ಕೂ ನನ್ನನ್ನು ಕರೆಯಬೇಕಾಗಿತ್ತು.

ಆ ದಿನ ಪಕ್ಕದ ಬೆಂಚಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದರು. ಎತ್ತರದ ಆಳು, ನರೆತ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿದ್ದರು. ಅತ್ತೆಯ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚೀಲದಿಂದ ನುಣ್ಣಗಿನ ಮರದ ತುಂಡೊಂದನ್ನು ತೆಗೆದು ಮುಷ್ಟಿಯ ಪಕ್ಕ ಹಿಡಿದು ಅಳತೆ ನೋಡಿದರು. ಅದನ್ನು ಒಳಗಿಟ್ಟು, ಅದಕ್ಕಿಂತ ತೆಳ್ಳಗಿನ ಇನ್ನೊಂದನ್ನು ತೆಗೆದರು.

"ಇದರಿಂದ ಶುರು ಮಾಡ್ರಿ. ಅವಸರ ಬ್ಯಾಡ" ಎಂದು ನನ್ನ ಕೈಗೆ ಕೊಟ್ಟರು.

ಅತ್ತೆ ಅನುಮಾನದಿಂದ ನೋಡಿದರು. "ಇದ್ಯಾವ್ ಆಟದ್ ಸಾಮಾನಮ್ಮ ನಂಗೆ? ಇಂಗೆಲ್ಲಾ ಆಟ ಆಡೋ ವಯಸ್ಸಾ ನಂದು?"

"ಆಡ್ರಿ, ಆಡ್ರಿ. ನಮ್ಮ ಮನಿಯವರೂ ಹಿಂಗ ಬೈದಿದ್ರು" ಎಂದು ರತ್ನಕ್ಕ ನಕ್ಕರು.

ಆ ತುಂಡು ಹುಟ್ಟಿದ ಬಗೆಯನ್ನು ಆಮೇಲಿನ ತಿಂಗಳುಗಳಲ್ಲಿ ಅವರ ಬಾಯಿಂದಲೇ, ಬಿಡಿಬಿಡಿಯಾಗಿ, ಕೇಳಿ ತಿಳಿದುಕೊಂಡೆ. ನಮ್ಮ ಮನೆಗೆ ಅಷ್ಟು ಉಪಕಾರ ಮಾಡಿದವರ ಕಥೆಯನ್ನು ಬರೆದಿಡಬೇಕೆನಿಸಿತು.

ರತ್ನಕ್ಕ ನವಲಗುಂದದವರು. ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಿರಣಿಯ ಶಾಫ್ಟು ಸವೆದಾಗಲೆಲ್ಲ ಅಪ್ಪನ ಜೊತೆ ಹುಬ್ಬಳ್ಳಿಯ ವರ್ಕ್‌ಶಾಪಿಗೆ ಹೋಗಿ, ಲೇತಿನಲ್ಲಿ ತಿರುಗುವ ಕಬ್ಬಿಣದಿಂದ ಹೊಳೆಯುವ ಸುರುಳಿಗಳು ಎದ್ದು ಬೀಳುವುದನ್ನು ನೋಡುತ್ತ ನಿಲ್ಲುತ್ತಿದ್ದರಂತೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಐಟಿಐಗೆ ಅರ್ಜಿ ಹಾಕಿದರು. ಅಲ್ಲಿನ ಗುಮಾಸ್ತರು ಅರ್ಜಿ ನೋಡಿ, "ಹೆಣ್ಣುಮಕ್ಕಳಿಗೆ ಹೊಲಿಗೆ ಐತಿ, ಟರ್ನರ್ ಬ್ಯಾಡವ್ವಾ" ಎಂದು ತಿರುಗಿಸಿ ಕೊಟ್ಟರು. ಅದನ್ನು ಕೇಳಿಸಿಕೊಂಡು ಒಳಗಿನಿಂದ ಬಂದವರು ಲೇತಿನ ಕೆಲಸ ಕಲಿಸುವ ಟರ್ನರ್ ವಿಭಾಗದ ಸಿದ್ದಲಿಂಗ ಸರ್. ಅರ್ಜಿಯನ್ನು ತೆಗೆದುಕೊಂಡು, "ಲೇತಿಗೆ ಯಾರ ಕೈ ಅಂತ ಏನು ಗೊತ್ತಾಗತೈತಿ? ನಾಳೆ ಬಾ" ಎಂದರು. ಇಪ್ಪತ್ತೆಂಟು ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ರತ್ನಕ್ಕ ಎರಡು ವರ್ಷ ಕಲಿತರು.

ಮದುವೆಯಾಗಿ ಬೆಂಗಳೂರಿಗೆ ಬಂದರು. ಗಂಡ ವಿಶ್ವನಾಥ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮಂಡಿಯೊಂದರ ಗುಮಾಸ್ತ. ರತ್ನಕ್ಕನಿಗೆ ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಲೇತಿನ ಮುಂದೆ ನಿಲ್ಲುವವರು ಬಳೆ ತೊಡುವಂತಿಲ್ಲ. ಕಬ್ಬಿಣವನ್ನು ದವಡೆಯಲ್ಲಿ ಕಚ್ಚಿ ತಿರುಗಿಸುವ ಚಕ್ಕಿಗೆ ಬಳೆ ಸಿಕ್ಕಿದರೆ ಕೈಯೇ ಹೋದೀತು. ಹೊಸ ಸೊಸೆ ಬರಿಗೈಯಲ್ಲಿ ಮನೆಯಿಂದ ಹೊರಡುವುದನ್ನು ಕಂಡು ಅವರ ಅತ್ತೆ ಒಂದು ದಿನ ಊಟ ಬಿಟ್ಟು ಕೂತರು. ವಿಶ್ವನಾಥ ಹೆಚ್ಚು ಮಾತಿನವರಲ್ಲ. "ಅವ್ವ, ಬಳಿ ಒಡೆದ್ರ ಅಂಗಡ್ಯಾಗ ಸಿಗತಾವ. ಆಕಿ ಕೈ ಸಿಗೂದಿಲ್ಲ" ಎಂದಷ್ಟೇ ಹೇಳಿ ತಾಯಿಗೆ ತಟ್ಟೆ ಹಾಕಿದರು. ಆಮೇಲೆ ಮೂವತ್ತನಾಲ್ಕು ವರ್ಷ ಆ ಮನೆಯಲ್ಲಿ ಬಳೆಯ ಮಾತು ಬರಲಿಲ್ಲ.

ಇಬ್ಬರೂ ದುಡಿದು ಶೆಟ್ಟಿಹಳ್ಳಿಯಲ್ಲಿ ಪುಟ್ಟ ಮನೆ ಕಟ್ಟಿಕೊಂಡರು. ರತ್ನಕ್ಕ ನಿವೃತ್ತರಾಗಿ ಮೂರನೆಯ ವರ್ಷಕ್ಕೆ ವಿಶ್ವನಾಥ ಬೆಳಗಿನ ಚಹಾ ಕುಡಿಯುವಾಗಲೇ ಒಂದು ಬದಿಗೆ ವಾಲಿಬಿಟ್ಟರು. ಆಸ್ಪತ್ರೆಗೆ ಬೇಗ ಮುಟ್ಟಿದ್ದರಿಂದ ಜೀವ ಉಳಿಯಿತು. ಕಾಲು ಮೆಲ್ಲಗೆ ದಾರಿಗೆ ಬಂತು, ಮಾತು ಸ್ವಲ್ಪ ತೊದಲಿದರೂ ತಿಳಿಯುತ್ತಿತ್ತು. ಬಲಗೈ ಮಾತ್ರ ಮುಷ್ಟಿ ಬಿಗಿದುಕೊಂಡಿತು. ಉಗುರು ಅಂಗೈಗೆ ಒತ್ತಿ ಗಾಯವಾಗುತ್ತಿತ್ತು.

ಅದೇ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ನಯನಾ, ಇನ್ನೂ ಮೂವತ್ತಾಗದ ಹುಡುಗಿ, ಪ್ಲಾಸ್ಟಿಕ್ಕಿನ ಒಂದು ಕೋನ್ ಕೊಟ್ಟು ಅದನ್ನು ಮುಷ್ಟಿಯೊಳಗೆ ಇಟ್ಟು ಬೆರಳುಗಳನ್ನು ನಿಧಾನವಾಗಿ ತೆರೆಯುವುದಕ್ಕೆ ಅಭ್ಯಾಸ ಮಾಡಿಸಲು ಹೇಳಿದಳು. ಆ ಕೋನ್ ವಿಶ್ವನಾಥರ ಕೈಗೆ ತೀರ ದಪ್ಪ. ಮೂರನೆಯ ದಿನ ಅವರು ಎಡಗೈಯಲ್ಲಿ ಅದನ್ನೆತ್ತಿ ಅಂಗಳಕ್ಕೆ ಎಸೆದರು. "ಸಾಕು ಬಿಡು ರತ್ನಾ. ಈ ಕೈ ಇಷ್ಟs" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ರತ್ನಕ್ಕ ಕೋನನ್ನು ಹೆಕ್ಕಿಕೊಂಡು ಬಂದರು. ಆದರೆ ಅವರ ತಲೆಗೆ ಬಂದದ್ದು ಟರ್ನರಿನ ಯೋಚನೆ. ಮರುದಿನ ನಯನಾಳನ್ನು ಕೇಳಿದರು: "ಒಮ್ಮೆಲೆ ಇಷ್ಟು ದಪ್ಪಂದು ಯಾಕ? ಬೆರಳಿನ ಗಾತ್ರದಿಂದ ಶುರು ಮಾಡಿ ಎರಡೆರಡು ಮಿಲಿಮೀಟರ್ ಏರಿಸಕೋತ ಹೋದ್ರ?"

"ಹಾಗೆ ಸಿಕ್ರೆ ತುಂಬಾ ಒಳ್ಳೇದು ಆಂಟಿ. ಆದ್ರೆ ಎಲ್ಲಿ ಸಿಗತ್ತೆ? ಸೆಟ್ ಅಂತ ಬಂದ್ರೂ ಮೂರು ಸೈಜ್ ಇರತ್ತೆ ಅಷ್ಟೇ."

"ಮರದ್ದು ಆಗತೈತೇನು?"

"ನುಣ್ಣಗಿದ್ರೆ ಯಾಕಾಗಲ್ಲ? ಆದ್ರೆ ಇದೊಂದ್ರಿಂದಲೇ ಕೈ ಬರತ್ತೆ ಅಂದ್ಕೋಬೇಡಿ. ವ್ಯಾಯಾಮ ಬಿಡೋ ಹಾಗಿಲ್ಲ."

ಮರ ಕಡೆಯುವ ಲೇತಿಗಾಗಿ ರತ್ನಕ್ಕ ಹದಿನೈದು ದಿನ ವಿಚಾರಿಸಿದರು. ಮತ್ತಿಕೆರೆಯಲ್ಲಿ ಮಂಚದ ಕಾಲು ಕಡೆಯುತ್ತಿದ್ದ ಮುನಿಆಂಜಿನಪ್ಪ ಎಂಬ ವಯಸ್ಸಾದವರು ಅಂಗಡಿ ಮುಚ್ಚಿ ಜಾಗ ಖಾಲಿ ಮಾಡುತ್ತಿದ್ದರು. ಮೂಲೆಯಲ್ಲಿ ಧೂಳು ಹಿಡಿದ ಹಳೇ ಲೇತು. ಏಕೆ ಬೇಕು ಎಂದು ಕೇಳಿ ತಿಳಿದ ಮೇಲೆ ಅವರು, "ತಕ್ಕೊಂಡೋಗಮ್ಮ. ಗುಜರಿಗಾಕೋ ಬದ್ಲು ಒಬ್ರ ಕೈಗಾದ್ರೆ ಸಾಕು" ಎಂದು ತಾವೇ ಗೂಡ್ಸ್ ಆಟೋಗೆ ಎತ್ತಿಸಿದರು. ಒಂದೇ ಕೊರತೆ, ಅದರ ಡ್ರೈವ್ ಸೆಂಟರ್ ಎಲ್ಲೋ ಕಳೆದುಹೋಗಿತ್ತು.

ಡ್ರೈವ್ ಸೆಂಟರ್ ಎಂದರೆ ಮರವನ್ನು ಕಚ್ಚಿ ಹಿಡಿದು ತಿರುಗಿಸುವ ಉಕ್ಕಿನ ತುಂಡು. ಒಂದು ತುದಿಯಲ್ಲಿ ನಡುವೆ ಮೊಳೆಯಂಥ ಮೊನೆ, ಸುತ್ತ ನಾಲ್ಕು ಹಲ್ಲು. ಇನ್ನೊಂದು ತುದಿ ಕ್ಯಾರೆಟ್ಟಿನ ಹಾಗೆ ಸಣ್ಣದಾಗುತ್ತ ಹೋಗುತ್ತದೆ. ಅದು ಲೇತಿನ ಸ್ಪಿಂಡಲು ಎಂಬ ತಿರುಗುವ ದಂಡದ ತೂತಿನೊಳಗೆ ಬಿಗಿಯಾಗಿ ಕೂರಬೇಕು. ಅದಿಲ್ಲದೆ ಮೋಟಾರು ತಿರುಗಿದರೂ ಮರ ತಿರುಗುವುದಿಲ್ಲ. ರತ್ನಕ್ಕ ಎಸ್.ಜೆ.ಪಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿದರು, ಆನ್‌ಲೈನಿನಲ್ಲಿಯೂ ಒಂದು ತರಿಸಿದರು. ಯಾವುದೂ ಕೂರಲಿಲ್ಲ. ಎಂದೋ ಯಾರೋ ಲೋಕಲ್ಲಾಗಿ ಮಾಡಿದ ಲೇತದು. ತೂತಿನ ಇಳಿಜಾರು ಯಾವ ಪುಸ್ತಕದ ಅಳತೆಗೂ ಸೇರಿದ್ದಲ್ಲ.

"ಹಂಗಾರ ನಾನs ಮಾಡಬೇಕು" ಎಂದುಕೊಂಡರು. ಕಬ್ಬಿಣದ ಲೇತು ಮುಟ್ಟಿ ಮೂರು ವರ್ಷ ಕಳೆದಿತ್ತು.

ಯಶವಂತಪುರದ ರೈಲ್ವೆ ಹಳಿಯ ಹಿಂದಿನ ಓಣಿಯಲ್ಲಿ ಜೀಷಾನ್ ಎಂಬ ಮೂವತ್ತೈದರ ಯುವಕನ ವರ್ಕ್‌ಶಾಪಿದೆ. ಮೂರು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ವಾರವಿಡೀ ಬಿಡುವಿಲ್ಲದ ಕೆಲಸ. ರತ್ನಕ್ಕ ಮರದ ಲೇತಿನಿಂದ ಬಿಚ್ಚಿದ ಸ್ಪಿಂಡಲನ್ನು ಹಳೇ ಟವೆಲ್ಲಿನಲ್ಲಿ ಸುತ್ತಿಕೊಂಡು ಅವನ ಮುಂದೆ ನಿಂತರು.

"ಬಿಟ್ಟೋಗಿ ಅಮ್ಮಾ, ಹತ್ತು ದಿನ ಬಿಟ್ಟು ಮಾಡ್ಕೊಡ್ತೀನಿ. ಈಗ ತಲೆ ಎತ್ತಕ್ಕೆ ಟೈಮಿಲ್ಲ" ಎಂದ ಜೀಷಾನ್.

"ನೀ ಮಾಡೂದು ಬ್ಯಾಡ ತಮ್ಮಾ. ರವಿವಾರ ಒಂದು ಮಷೀನ್ ಕೊಡು. ನಾ ಮಾಡಕೋತೇನಿ."

ಜೀಷಾನ್ ಅವರನ್ನು ತಲೆಯಿಂದ ಕಾಲವರೆಗೆ ನೋಡಿದ. "ಅಮ್ಮಾ, ಇದು ಮಿಕ್ಸಿ ಅಲ್ಲ. ಏನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ರತ್ನಕ್ಕ ಹತ್ತಿರದ ಲೇತಿನ ಬಳಿಗೆ ಹೋಗಿ, ಚಕ್ಕಿನಲ್ಲಿ ಯಾರೋ ಮರೆತುಬಿಟ್ಟಿದ್ದ ಕೀಲಿಯನ್ನು ತೆಗೆದು ಟ್ರೇಯಲ್ಲಿಟ್ಟರು. ಆ ಕೀಲಿ ಅಲ್ಲೇ ಇದ್ದು ಮಷೀನು ಶುರುವಾಗಿದ್ದರೆ ಗುಂಡಿನಂತೆ ಹಾರಿ ಯಾರ ಹಣೆಗೆ ಬೇಕಾದರೂ ಹೊಡೆಯುತ್ತಿತ್ತು. ಜೀಷಾನನ ಮುಖ ಕೆಂಪಾಯಿತು.

"ಭಾನುವಾರ ಒಂಬತ್ತಕ್ಕೆ ಬನ್ನಿ" ಎಂದ.

ಭಾನುವಾರ ಅವರು ಹಳೇ ಕಾರ್ಖಾನೆಯ ನೀಲಿ ಕೋಟು ಹಾಕಿಕೊಂಡು, ಬಳೆ ಬಿಚ್ಚಿಟ್ಟು ಹೋದರು. ವಿಶ್ವನಾಥರ ಹತ್ತಿರ ಪಕ್ಕದ ಮನೆಯವರು ಕೂತಿದ್ದರು. ಮೊದಲು ಮರದ ಲೇತಿನ ಸ್ಪಿಂಡಲನ್ನೇ ಚಕ್ಕಿಗೆ ಕಟ್ಟಿ, ಸಣ್ಣ ಏರುಪೇರನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜಿನ ಮೂತಿಯನ್ನು ತೂತಿನೊಳಗೆ, ತಮ್ಮಿಂದ ಆಚೆಗಿನ ಗೋಡೆಗೆ ಆನಿಸಿದರು. ಮುಳ್ಳು ಅಲುಗದೆ ಗೋಡೆಯುದ್ದಕ್ಕೂ ಜಾರುವ ತನಕ ಕಬ್ಬಿಣ ಕಡೆಯುವ ಟೂಲನ್ನು ಹೊತ್ತು ಜಾರುವ ಸ್ಲೈಡನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ ಬಿಗಿದರು. ತೂತಿನ ಇಳಿಜಾರು ಎಷ್ಟೆಂದು ಯಾರಿಗೂ ತಿಳಿಯಬೇಕಾಗಿರಲಿಲ್ಲ. ಸ್ಲೈಡು ಅದನ್ನೇ ಕಲಿತುಕೊಂಡಿತ್ತು. ಬಳಿಕ ಸ್ಪಿಂಡಲು ತೆಗೆದು, ಜೀಷಾನ್ ಕೊಟ್ಟ ಗಟ್ಟಿ ಉಕ್ಕಿನ ಸರಳನ್ನು ಕಟ್ಟಿ ಕಡೆಯತೊಡಗಿದರು.

ಮೊದಲ ಸುರುಳಿ ಚೂರುಚೂರಾಗಿ ಬಿತ್ತಂತೆ. ಹತ್ತು ನಿಮಿಷದಲ್ಲಿ ಕೈಗೆ ಎಲ್ಲ ನೆನಪಾಯಿತು. ಜೀಷಾನ್ ತನ್ನ ಕೆಲಸ ಬಿಟ್ಟು ಬಂದು ಹಿಂದೆ ನಿಂತ.

ಹನ್ನೆರಡರ ಹೊತ್ತಿಗೆ ಕಡೆದದ್ದಾಯಿತು. ರತ್ನಕ್ಕ ಅದರ ಮೈಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಸ್ಪಿಂಡಲಿನೊಳಗೆ ತೂರಿಸಿ, ಸ್ವಲ್ಪ ತಿರುಗಿಸಿ ಹೊರಗೆಳೆದರು. ಸರಿಯಾಗಿ ಕೂತಿದ್ದರೆ ನೀಲಿ ಮೈಯುದ್ದಕ್ಕೂ ಉಜ್ಜಿಹೋಗಬೇಕು. ಉಜ್ಜಿದ್ದು ಸಣ್ಣ ತುದಿಯಲ್ಲಿ ಮಾತ್ರ, ಉಂಗುರದ ಹಾಗೆ. ಉಳಿದ ಕಡೆ ಮುಟ್ಟಿಯೇ ಇರಲಿಲ್ಲ.

"ಅಷ್ಟಕ್ಕೆಲ್ಲಾ ಯಾಕಮ್ಮಾ ಬೇಜಾರು? ಮರಕ್ಕೆ ತಾನೇ? ಸುತ್ತಿಗೇಲಿ ಒಂದ್ ಏಟು ಕೊಟ್ರೆ ಕೂತ್ಕೊಳ್ಳುತ್ತೆ" ಎಂದ ಜೀಷಾನ್.

"ಕೂಡತೈತಿ. ಆಮ್ಯಾಲ ಅಳ್ಳಾಡತೈತಿ. ಅಳ್ಳಾಡಿದ್ರ ತುಂಡು ದುಂಡಗ ಬರೂದಿಲ್ಲ. ನಮ್ಮ ಮನಿಯವರ ಕೈಯಾಗ ಗಾಯ ಐತಿ."

ರತ್ನಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು. ತನ್ನ ಕಣ್ಣು ಹೋಯಿತೇ, ಕೈ ಹೋಯಿತೇ? ಒಂದೇ ಮನೆಯಲ್ಲಿ ಇಬ್ಬರ ಕೈಯೂ ಕೆಟ್ಟಿತೇ ಎಂದುಕೊಂಡರಂತೆ. ಜೀಷಾನ್ ಹೋಗಿ ಎರಡು ಲೋಟ ಚಹಾ ತಂದ. ಅರ್ಧ ಕುಡಿಯುವಷ್ಟರಲ್ಲಿ ಅವರಿಗೆ ಸಿದ್ದಲಿಂಗ ಸರ್ ಮಾತು ನೆನಪಾಯಿತು. ಇಳಿಜಾರು ತಪ್ಪಿದರೆ ಕೋನವನ್ನು ಬೈಯುವ ಮುಂಚೆ ಟೂಲಿನ ಎತ್ತರ ನೋಡು ಎನ್ನುತ್ತಿದ್ದರು ಅವರು. ಟೂಲಿನ ತುದಿ ತಿರುಗುವ ಸರಳಿನ ಸರಿಯಾದ ನಡುಮಟ್ಟದಲ್ಲಿರಬೇಕು. ತುಸು ಕೆಳಗಿದ್ದರೂ ಇಳಿಜಾರು ಸುಳ್ಳು ಹೇಳುತ್ತದೆ.

ಅವರು ಎದ್ದು, ಒಂದು ತೆಳ್ಳನೆಯ ಉಕ್ಕಿನ ಸ್ಕೇಲನ್ನು ಸರಳಿಗೂ ಟೂಲಿನ ತುದಿಗೂ ನಡುವೆ ಮೆಲ್ಲಗೆ ಸಿಕ್ಕಿಸಿದರು. ಟೂಲು ನಡುಮಟ್ಟದಲ್ಲಿದ್ದರೆ ಸ್ಕೇಲು ನೆಟ್ಟಗೆ ನಿಲ್ಲುತ್ತದೆ. ಈ ಸ್ಕೇಲಿನ ತಲೆ ಅವರ ಕಡೆಗೆ ವಾಲಿತ್ತು.

"ಟೂಲ್ ಕೆಳಗೈತಿ!" ಎಂದರು. "ಆದ್ರ ಹೆಂಗ? ನಾ ನಿನ್ನ ಟೈಲ್‌ಸ್ಟಾಕಿನ ಮೊನೆಗೆ ಸರಿಯಾಗಿ ಹಿಡಿದು ಕಟ್ಟೇನಿ."

ಟೈಲ್‌ಸ್ಟಾಕ್ ಎಂದರೆ ಚಕ್ಕಿಗೆ ಎದುರಾಗಿ ಕೂತು ಸರಳಿಗೆ ಆಸರೆ ಕೊಡುವ ಭಾಗ. ಅದರ ಮೊನೆ ಸರಿಯಾಗಿ ನಡುಮಟ್ಟದಲ್ಲಿರುತ್ತದೆ ಎಂಬ ನಂಬಿಕೆಯ ಮೇಲೆ ಎಲ್ಲರೂ ಟೂಲು ಕಟ್ಟುತ್ತಾರೆ. ಇಬ್ಬರೂ ಬಗ್ಗಿ ನೋಡಿದರು. ವರ್ಷಾನುಗಟ್ಟಲೆ ಜಾರಿ ಜಾರಿ ಅದರ ತಳ ಸವೆದು ಮೊನೆ ಕೆಳಗಿಳಿದಿತ್ತು. ಜೀಷಾನ್ ತಲೆಯ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ಅಮ್ಮಾ! ಆರು ತಿಂಗಳಿಂದ ಈ ಮಷೀನಲ್ಲಿ ಮಾಡಿದ ಇಳಿಜಾರಿನ ಪೀಸೆಲ್ಲಾ ವಾಪಸ್ ಬರ್ತಿತ್ತು. ಇಲ್ಲಿರೋ ಕೆಲಸಗಾರರನ್ನ ಬೈದು ಬೈದು ಇಟ್ಟಿದೀನಿ. ಆ ಸ್ಕೇಲ್ ಇನ್ನೊಂದ್ ಸಲ ತೋರಿಸಿ."

ಅವರು ತೋರಿಸಿದರು. ಅವನು ತಾನೇ ಎರಡು ಸಲ ಮಾಡಿ ನೋಡಿದ. ಆಮೇಲೆ ಹೋಗಿ ಹೊಸ ಸರಳು ತಂದುಕೊಟ್ಟ. ಟೂಲಿನ ಕೆಳಗೆ ಹ್ಯಾಕ್ಸಾ ಬ್ಲೇಡಿನ ಮುರುಕು ಕೊಟ್ಟು ಎತ್ತರಿಸಿ, ರತ್ನಕ್ಕ ಮೊದಲಿನಿಂದ ಕಡೆದರು. ಮೂರು ಗಂಟೆಗೆ ಮತ್ತೆ ನೀಲಿ ಸವರಿ ಪರೀಕ್ಷೆ. ಈ ಸಲ ತುದಿಯಿಂದ ಬುಡದವರೆಗೂ ಬಣ್ಣ ಉಜ್ಜಿತ್ತು. ಕೂರಿಸಿದ ಮೇಲೆ ಕೈಯಲ್ಲಿ ಎಳೆದರೆ ಬರಲಿಲ್ಲ. ಹಿಂದಿನಿಂದ ಸರಳು ಹಾಕಿ ತಟ್ಟಬೇಕಾಯಿತು.

ಹಲ್ಲಿನ ಕೆಲಸ ಮುಂದಿನ ಭಾನುವಾರಕ್ಕೆ ಉಳಿಯಿತು. ಸ್ಪಿಂಡಲಿನೊಳಗೇ ಸೆಂಟರನ್ನು ಕೂರಿಸಿಕೊಂಡು ಮುಂದಿನ ಮೊನೆ ಕಡೆದರು. ಚಕ್ಕಿನ ನಾಲ್ಕು ದವಡೆಗಳನ್ನೇ ಗುರುತಾಗಿಟ್ಟುಕೊಂಡು ಅಂಚನ್ನು ನಾಲ್ಕು ಸಮಭಾಗ ಮಾಡಿ, ಗರಗಸದಿಂದ ಸೀಳಿ, ಅರದಿಂದ ಒಂದೊಂದೇ ಹಲ್ಲನ್ನು ತಿಕ್ಕಿ ಹರಿತ ಮಾಡಿದರು. ಅಂದು ಆ ಮಷೀನಿಗೆ ಬೇರೆ ತುರ್ತು ಕೆಲಸ ಕಾದಿತ್ತು. ಜೀಷಾನ್ ಅದನ್ನು ಪಕ್ಕಕ್ಕಿಟ್ಟು, ಹೊರಡುವಾಗ ಆ ಸ್ಕೇಲನ್ನು ಇಟ್ಟುಕೊಳ್ಳಿ ಎಂದು ಅವರ ಕೈಗೇ ಕೊಟ್ಟ.

ಸಂಜೆ ರತ್ನಕ್ಕ ಹುಬ್ಬಳ್ಳಿಯ ಹಳೇ ಸಹಪಾಠಿಯೊಬ್ಬರಿಂದ ಸಿದ್ದಲಿಂಗ ಸರ್ ಅವರ ಮಗನ ನಂಬರು ಹುಡುಕಿಸಿ ಫೋನ್ ಮಾಡಿದರು. ಸರ್‌ಗೆ ಎಂಬತ್ತಾರು. ಕಿವಿ ಮಂದ. ಮೂರು ಸಲ ಹೆಸರು ಕೂಗಿ ಹೇಳಬೇಕಾಯಿತು.

"ಹೊಲಿಗೆ ಒಲ್ಲೆ ಅಂದಾಕಿ?" ಎಂದರು ಸರ್.

"ಹೌದ್ರಿ ಸರ್."

ಅವರು ಎಲ್ಲವನ್ನೂ ಕೇಳಿಸಿಕೊಂಡು, "ನೀಲಿ ಎಷ್ಟು ಹತ್ತಿತು?" ಎಂದರು.

"ಪೂರಾ ಹತ್ತೇತ್ರಿ."

ಸರ್, "ಛಲೋ ಆತು" ಎಂದರು. ರತ್ನಕ್ಕ "ನಿಮ್ಮಿಂದ ಆತ್ರಿ ಸರ್" ಎಂದಷ್ಟೇ ಹೇಳಿ ಅತ್ತುಬಿಟ್ಟರು.

ಮರದ ಲೇತನ್ನು ಮನೆಯ ಮುಂದಿನ ಶೀಟಿನ ಕೆಳಗೆ ನಿಲ್ಲಿಸಿದರು. ವಿಶ್ವನಾಥ ಕುರ್ಚಿ ಹಾಕಿಸಿಕೊಂಡು ಕೂತರು. ಬಿರುಗಾಳಿಗೆ ಬಿದ್ದ ಯಾರದೋ ಮಾವಿನ ಕೊಂಬೆ ಒಣಗಿಸಿ ಇಟ್ಟದ್ದಿತ್ತು. ಅದರ ತುಂಡಿನ ತಲೆಗೆ ರತ್ನಕ್ಕ ಸೆಂಟರಿನ ಹಲ್ಲು ಊರಿಸಿದರು. "ರೀ, ಸ್ವಿಚ್ ನೀವು ಹಾಕ್ರಿ" ಎಂದರು. ವಿಶ್ವನಾಥ ಎಡಗೈ ಚಾಚಿ ಸ್ವಿಚ್ ಒತ್ತಿದರು. ಮರ ಒಂದಿಷ್ಟೂ ಜಾರದೆ, ಅದುರದೆ ತಿರುಗಿತು. ಕಬ್ಬಿಣದ ಸುರುಳಿಗೆ ಒಗ್ಗಿದ್ದ ರತ್ನಕ್ಕನ ಮುಖದ ತುಂಬ ಮರದ ಹೊಟ್ಟು. ಅದನ್ನು ಕಂಡು, ಕಾಯಿಲೆ ಬಿದ್ದ ಮೇಲೆ ಮೊದಲ ಸಲ, ವಿಶ್ವನಾಥ ಸದ್ದು ಮಾಡಿ ನಕ್ಕರು.

ಹದಿಮೂರು ತುಂಡುಗಳ ಸೆಟ್ಟು ಅದು. ಮೊದಲನೆಯದು ಕಿರುಬೆರಳ ದಪ್ಪ, ಕೊನೆಯದು ಲಟ್ಟಣಿಗೆಯ ದಪ್ಪ. ಒಂದೊಂದಕ್ಕೂ ವಿಶ್ವನಾಥ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ನಂಬರು ಬರೆದರು. ಈರುಳ್ಳಿ ಮಂಡಿಯಲ್ಲಿ ಮುತ್ತಿನಂಥ ಅಕ್ಷರಕ್ಕೆ ಹೆಸರಾಗಿದ್ದವರು. ಈಗ ಎಂಟು ಅಡ್ಡ ಮಲಗಿತ್ತು, ಐದು ತಲೆಕೆಳಗಾದಂತಿತ್ತು. ಎರಡನೆಯ ನಂಬರಿನಲ್ಲಿ ಹನ್ನೆರಡು ದಿನ ಕಳೆಯಿತು. ಆರಕ್ಕೆ ಬಂದು ಒಂದು ತಿಂಗಳು ನಿಂತೇ ಹೋಯಿತು. ಆಗಲೂ ಅವರು ಏನನ್ನೂ ಅಂಗಳಕ್ಕೆ ಎಸೆಯಲಿಲ್ಲ. "ಮುಂದಿಂದು ಬರೇ ಎರಡು ಮಿಲಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ರತ್ನಕ್ಕ ಚೂರು ಮಾಡಿ ಹಾಕಲು ಕೈ ಚಾಚುವ ಮುನ್ನ, ಎರಡೂ ಕೈಯಲ್ಲಿ ಜೋಳದ ರೊಟ್ಟಿ ಹಿಡಿದು ತಾವೇ ಮುರಿದರು. ಮುರಿದದ್ದು ವಕ್ರವಾಗಿತ್ತು. ದೊಡ್ಡ ಚೂರನ್ನು ಹೆಂಡತಿಯ ತಟ್ಟೆಗೆ ಹಾಕಿದರು.

ನಯನಾ ಇದನ್ನು ನೋಡಿ ಇನ್ನೊಬ್ಬ ರೋಗಿಗೆ ಒಂದು ಸೆಟ್ಟು ಕೇಳಿದಳು, ಆಮೇಲೆ ಮತ್ತೊಬ್ಬರಿಗೆ. ನಮ್ಮದು ಒಂಬತ್ತನೆಯದು. ಪೂರ್ತಿ ಸೆಟ್ಟನ್ನು ಕೊಡಲು ರತ್ನಕ್ಕ ಸಿಂಗಾಪುರದ ನಮ್ಮ ಮನೆಗೇ ಬಂದರು. ಅತ್ತೆಗೂ ಅವರಿಗೂ ಅಂದಿನಿಂದ ಸ್ನೇಹ. ಒಬ್ಬರು ಇಲ್ಲಿಯ ಹೊಲದ ಮಾತು, ಇನ್ನೊಬ್ಬರು ಲೇತಿನ ಮಾತು. ಒಬ್ಬರದು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತೋ ಇಲ್ಲವೋ, ನಗು ಮಾತ್ರ ಅಡುಗೆಮನೆಗೆ ಕೇಳಿಸುತ್ತಿತ್ತು.

ಅತ್ತೆಯ ಕೈ ವಿಶ್ವನಾಥರಷ್ಟು ಬಂದಿಲ್ಲ. ಒಂಬತ್ತನೇ ನಂಬರಿನಲ್ಲಿದ್ದಾರೆ. ಆದರೆ ಬೆರಳು ತೆರೆಯುತ್ತವೆ, ಅಂಗೈಯ ಗಾಯ ಮಾಯ್ದಿದೆ. ಕಳೆದ ಡಿಸೆಂಬರಿನಲ್ಲಿ ಅವರೆಕಾಯಿ ಬಂದಾಗ ಮೊರ ಎಳೆದುಕೊಂಡು ಕೂತು, ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಸಿಪ್ಪೆ ಒತ್ತಿ ಸುಲಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಬಟ್ಟಲು ಕಾಳಾಯಿತು. ನಾನು ಸಹಾಯಕ್ಕೆ ಹೋದರೆ, "ಮುಟ್ಬೇಡ, ಇದು ರತ್ನಮ್ಮಂಗೆ. ಅವ್ಳಿಗೆ ನಾನೇ ಸುಲ್ದಿದ್ದೇ ಕೊಡ್ಬೇಕು" ಎಂದು ಗದರಿದರು.

ಮರುದಿನ ಆ ಬಟ್ಟಲು ಹಿಡಿದು ಇಬ್ಬರೂ ಆಟೋದಲ್ಲಿ ಶೆಟ್ಟಿಹಳ್ಳಿಗೆ ಹೋದೆವು. ರತ್ನಕ್ಕ ಶೀಟಿನ ಕೆಳಗೆ ಲೇತಿನ ಮುಂದೆ ನಿಂತಿದ್ದರು. ಮಷೀನು ನಿಲ್ಲಿಸಿ, ಕೈ ಒರೆಸಿಕೊಂಡು ಬಟ್ಟಲು ತೆಗೆದುಕೊಂಡರು. ಅತ್ತೆ ತಮ್ಮ ಬಲಗೈಯನ್ನೇ ಮುಂದೆ ಚಾಚಿದರು. ರತ್ನಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು.

"ಹತ್ತನೇ ನಂಬರಿಗೆ ರೆಡಿ ಆಗೀರಿ ನೀವು" ಎಂದರು. "ಬರ್ರಿ, ಒಳಗ ಬರ್ರಿ. ಇದರದ್ದs ಪಲ್ಯ ಮಾಡ್ತೇನಿ, ಉಂಡs ಹೋಗಬೇಕು."